ಗುರುಬಾಯಿಯ ಎದೆಯ ತಂತಿ, ನನ್ನ ಕೈಯ ರೊಟ್ಟಿ

ಹೆಂಡತಿಯ ಹೃದಯದಲ್ಲಿ ಏನಿದೆ ಎಂದು ಬಲ್ಲ ಗಂಡಂದಿರು ಕಡಿಮೆ. ನನಗೆ ಮಾತ್ರ ಚೆನ್ನಾಗಿ ಗೊತ್ತು: ಪೇಸ್‌ಮೇಕರಿನ ತಂತಿ. ಭುಜದ ಕೆಳಗೆ ಕೂರಿಸಿದ ಡಬ್ಬಿಯಿಂದ ಅದು ಒಳಗಿಳಿದಿದೆ. ಡಬ್ಬಿಯ ಚಿಂತೆ ನನಗಿರಲಿಲ್ಲ. ಬ್ಯಾಟರಿ ಮುಗಿದರೆ ಬದಲಿಸುತ್ತಾರೆ. ಆದರೆ ಆಳಂದದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಲೇ ಮುದುಕನಾದವನು ನಾನು. ಮೋಟಾರು ಸುಡುವುದಕ್ಕಿಂತ ಕೇಬಲ್ ಕಡಿಯುವುದನ್ನೇ ಹೆಚ್ಚು ಕಂಡಿದ್ದೇನೆ.

ಡಬ್ಬಿ ಕೂರಿಸಿದಾಗ ಕಲಬುರಗಿಯ ಡಾಕ್ಟರು, “ಸ್ವಲ್ಪ ದಿನ ಎಡಗೈ ಮ್ಯಾಲೆತ್ತಬ್ಯಾಡ್ರಿ” ಎಂದಿದ್ದರು. ‘ಸ್ವಲ್ಪ ದಿನ’ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ. ಜೋಳದ ರೊಟ್ಟಿ ಬಡಿಯುವಾಗ ಗುರುಬಾಯಿಯ ಬಲಗೈ ಬಡಿದರೆ ಎಡಗೈ ತಿರುಗಿಸುತ್ತದೆ. ತಂತಿ ಕಡಿದರೆ? ಅವಳು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿ ನಾನೇ ಬಡಿಯತೊಡಗಿದೆ. ನಿಂಬರ್ಗಾದಿಂದ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆಯೇ ಅವಳ ರೊಟ್ಟಿಯ ಸಪ್ಪಳ ಕೇಳಿ ನಮ್ಮವ್ವ, “ಈಕಿ ಕೈಯಾಗ ತಾಳ ಅದ” ಅಂದಿದ್ದಳು. ಆ ಸಪ್ಪಳಕ್ಕೇ ನಾನು ಏಳುತ್ತಿದ್ದೆ. ಈಗ ಮನೆಯಲ್ಲಿ ಕೇಳುತ್ತಿದ್ದದ್ದು ನಾನು ಬಡಿಯುವ ಸಪ್ಪಳ, ತಾಳವಂತೂ ಇರಲಿಲ್ಲ. ನನ್ನ ರೊಟ್ಟಿ ಹಂಚು ಸೇರುವ ಮೊದಲೇ ಹರಿಯುತ್ತಿತ್ತು. ಗುರುಬಾಯಿ ಆ ತುಂಡುಗಳನ್ನೇ ಕೂಡಿಸಿಕೊಂಡು ಉಣ್ಣುತ್ತಿದ್ದಳು.

ವರ್ಷಗಳು ಕಳೆದು ಈಚೆಗೆ ಬ್ಯಾಟರಿ ಮುಗಿಯಿತು. ತಂತಿ ಕೆಟ್ಟಿದ್ದರೆ ಹೊಸದನ್ನು ಹಾಕಬೇಕು, ಈ ವಯಸ್ಸಿಗೆ ಅದು ಸುಲಭವಲ್ಲ ಎಂದರು ಅದೇ ಡಾಕ್ಟರು. ಆಪರೇಷನ್ ಕೋಣೆಯ ಹೊರಗೆ ಕೂತಿದ್ದೆ. ಬಸವಣ್ಣನನ್ನು ನೆನೆದೆ, ಇರಲಿ ಎಂದು ಗಾಣಗಾಪುರದ ದತ್ತನಿಗೂ ಕೈಮುಗಿದೆ.

ಡಾಕ್ಟರು ಹೊರಗೆ ಬಂದರು. “ಹಳೇ ತಂತಿ ಛಲೋ ಅದ್ರಿ. ಅದಕ್ಕೇ ಹೊಸ ಡಬ್ಬಿ ಜೋಡಿಸೇವಿ.”

ಕಣ್ಣು ಒರೆಸಿಕೊಂಡು ಹೆಮ್ಮೆಯಿಂದ ಹೇಳಿದೆ, “ನಾ ಆಕಿಗಿ ರೊಟ್ಟಿ ಬಡ್ಯಾಕ ಬಿಟ್ಟಿಲ್ರಿ ಸಾಹೇಬ್ರ.”

ಡಾಕ್ಟರು ನಕ್ಕರು. “ರೊಟ್ಟಿ ಬಡದ್ರ ತಂತಿಗೇನಾಗ್ತದ್ರಿ? ಗಾಯ ಮಾಯೋತನಕ ಕೈ ಎತ್ತಬ್ಯಾಡ್ರಿ ಅಂದಿದ್ದೆ, ಅಷ್ಟೇ.”

ಜೇವರ್ಗಿಯಿಂದ ಬಂದಿದ್ದ ಗುರುಬಾಯಿಯ ತಂಗಿ ಕಿಸಕ್ಕನೆ ನಕ್ಕಳು. “ನಮ್ಮನಿಗಿ ಬಂದಾಗೆಲ್ಲಾ ಅಕ್ಕನೇ ರೊಟ್ಟಿ ಬಡೀತಾಳ್ರಿ ಮಾವ.”

ವಾರ್ಡಿನಲ್ಲಿ ಗುರುಬಾಯಿಯನ್ನು ಕೇಳಿದೆ, “ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ರೊಟ್ಟಿ ಮಾಡೋದು ಬಿಡ್ತಿದ್ರಿ.”

ಗಾಯ ಮಾಯ್ದ ಮೇಲೆ, ಒಮ್ಮೆ ಆ ಸಪ್ಪಳ ಕೇಳಿಸು ಎಂದು ಗೋಗರೆದೆ. ಕೂತು ಬಡಿದಳು. ಅದೇ ತಾಳ! ಅವ್ವ ಪಡಸಾಲೆಯಲ್ಲೇ ಇದ್ದಾಳೆ ಅನ್ನಿಸಿ ಕಣ್ಣು ಮುಚ್ಚಿದೆ. ಒಂದು ರೊಟ್ಟಿಗೇ ಸಪ್ಪಳ ನಿಂತಿತು.

“ಕೇಳಿದ್ರಿಲ್ಲ? ಏಳ್ರಿ, ಉಳಿದದ್ದು ನೀವು ಬಡೀರಿ.”

ಎದ್ದು ಹಿಟ್ಟಿನ ಮುಂದೆ ಕೂತೆ. ನನ್ನ ಎಡಗೈಯನ್ನೂ ಯಾರಾದರೂ ಡಾಕ್ಟರಿಗೆ ತೋರಿಸಬೇಕು ಅಂದುಕೊಂಡಿದ್ದೇನೆ.