ಲಿಫ್ಟಣ್ಣನ ಕುರ್ಚಿ

ಎಲ್ಲಕ್ಕೂ ಕಾರಣ ಪತ್ರಿಕೆಯ ಮೂಲೆಯಲ್ಲಿದ್ದ ಒಂದು ಜಾಹೀರಾತು. ದೊಡ್ಡ ದೊಡ್ಡ ಆಫೀಸು ಕಟ್ಟಡಗಳನ್ನು ಕೊಳ್ಳುವವರಿಗೆ ಬಂಡವಾಳ ಹೊಂದಿಸಿಕೊಡುವ ಕಂಪನಿಯೊಂದಕ್ಕೆ ಅನಲಿಸ್ಟ್ ಬೇಕಾಗಿದ್ದರು. ಕಟ್ಟಡಗಳ ಅನುಭವ ಸಾಕು, ಹಣಕಾಸಿನ ಓದು ಕಡ್ಡಾಯವಲ್ಲ. ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿ ಮೊಣಕಾಲು ಸವೆಸಿಕೊಂಡಿದ್ದ ಲಿಫ್ಟಣ್ಣನಿಗೆ ಅದರಲ್ಲಿ ಕಂಡದ್ದು ಒಂದೇ ಒಂದು: ಕುರ್ಚಿ. ಅನಲಿಸ್ಟ್ ಅಂದರೆ ಕೂತು ಮಾಡುವ ಕೆಲಸ ತಾನೆ? ಅರ್ಜಿ ಹಾಕಿಯೇಬಿಟ್ಟ. ಕರೆಯೂ ಬಂತು.

ಸಂದರ್ಶನದ ದಿನ ಅವನು ಹಲ್ಲುಜ್ಜುವ ಮೊದಲೇ ಕೆಳಮನೆಯ ನಿವೃತ್ತ ಕ್ಯಾಷಿಯರ್ ಹಾಜರಾದರು.

"ಬಡ್ಡಿ, ಇಳುವರಿ, ರಿಸ್ಕ್. ಏನು ಕೇಳಿದ್ರೂ ಈ ಮೂರರಲ್ಲಿ ಒಂದು ಹೇಳಿಬಿಡು. ನಾನು ಬ್ಯಾಂಕಲ್ಲಿ ಮೂವತ್ತು ವರ್ಷ ಹಾಗೇ ಕಳೆದೆ."

ಹಿಂದೆಯೇ ಹೆಂಡತಿಯ ತಮ್ಮ ತನ್ನ ಮದುವೆಯ ಕೋಟು ತಂದ. ಅವನೋ ಕಡ್ಡಿ ಪೈಲ್ವಾನ್.

"ಭಾವ, ಉಸಿರು ಒಳಗೆ ಎಳ್ಕೊಳ್ಳಿ."

"ಎಳ್ಕೊಂಡು ಎಷ್ಟು ಹೊತ್ತು ಇರ್ಲಿ?"

"ಕೆಲಸ ಸಿಗೋವರೆಗೆ!"

ಕಂಪನಿಯ ಮುಖ್ಯಸ್ಥೆ ಕೈ ಚಾಚಿದಾಗ ಲಿಫ್ಟಣ್ಣ ತನ್ನ ಕೈಯನ್ನು ಮೊಣಕೈಯಿಂದ ಈಚೆಗೆ ಮಾತ್ರ ಕೊಟ್ಟ. ಉಳಿದದ್ದನ್ನು ಕೊಡಲು ಕೋಟು ಬಿಡಲಿಲ್ಲ.

"ಈ ವರ್ಷದ ಮಾರುಕಟ್ಟೆ ಬಗ್ಗೆ ಏನನ್ಸುತ್ತೆ?"

"ರಿಸ್ಕ್."

ಆಕೆ ತಲೆದೂಗಿದರು. "ಬಾಡಿಗೆ ಏರಿದ್ರೆ ಯಾವುದು ಏರುತ್ತೆ?"

"ಇಳುವರಿ."

ಮತ್ತೆ ತಲೆದೂಗಿದರು. "ನಿಮ್ಮ ಹವ್ಯಾಸ?"

ಇನ್ನು ಉಳಿದಿದ್ದದ್ದು ಒಂದೇ. "ಬಡ್ಡಿ," ಅಂದ.

ಆಕೆಯ ಪೆನ್ನು ನಿಂತಿತು. ಒಂದು ಕಡತ ಮುಂದೆ ಸರಿಸಿದರು. "ಹನ್ನೆರಡು ಮಹಡಿ, ಎಲ್ಲಾ ಬಾಡಿಗೆಗೆ ಹೋಗಿದೆ. ನಮ್ಮ ಗಿರಾಕಿ ನಾಳೆ ಕೊಳ್ತಿದ್ದಾರೆ. ಈ ಲೆಕ್ಕ ನೋಡಿ ನಿಮ್ಮ ಅಭಿಪ್ರಾಯ ಹೇಳಿ."

ಲೆಕ್ಕ ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಮೊದಲ ಪುಟದಲ್ಲಿದ್ದ ಫೋಟೋ ನೋಡಿದ್ದೇ ಹೌಹಾರಿದ. ಅದು ಅವನೇ ತಿಂಗಳು ತಿಂಗಳು ಎಣ್ಣೆ ಬಿಡುವ ಲಿಫ್ಟಿನ ಕಟ್ಟಡ!

"ಎಲ್ಲಾ ಬಾಡಿಗೆಗಾ? ಆರನೇ ಮಹಡಿ ದಾಟಿದ್ರೆ ನರಪಿಳ್ಳೆ ಇಲ್ಲ ಮೇಡಂ! ಕೆಳಗಿನ ಆರು ಬಟನ್ನು ಸವೆದು ಸವೆದು ನಾನೇ ಮೂರು ಸಲ ಬದಲಾಯಿಸಿದೀನಿ. ಮೇಲಿನ ಆರಕ್ಕೆ ಲಿಫ್ಟ್ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹಾಳೇನೂ ಇನ್ನೂ ಕಿತ್ತಿಲ್ಲ!"

ಆವೇಶದಲ್ಲಿ ಕೈಯೆತ್ತಿದ್ದರಿಂದ ಕೋಟು ಕಂಕುಳಿನಿಂದ ಸೊಂಟದವರೆಗೆ ಪರ್ರೆಂದಿತು. ಮುಖ್ಯಸ್ಥೆಗೆ ಅದರ ಕಡೆ ಗಮನವೇ ಇರಲಿಲ್ಲ. ಆಗಲೇ ಫೋನು ತಿರುಗಿಸುತ್ತಿದ್ದರು.

ಒಂದು ಗಂಟೆಯಲ್ಲಿ ಸುದ್ದಿ ಬಂತು. ಮೇಲಿನ ಆರು ಮಹಡಿಯಲ್ಲಿ ಬಾಗಿಲಿಗೊಂದು ಬೋರ್ಡು ಇತ್ತೇ ಹೊರತು, ಒಳಗೆ ಬರೀ ಧೂಳು.

"ನಮ್ಮ ಹತ್ತು ಜನ ಮೂರು ತಿಂಗಳು ಲೆಕ್ಕ ಹಾಕಿದ್ರು," ಅಂದರು ಆಕೆ. "ಒಬ್ಬರೂ ಬಟನ್ ನೋಡ್ಲಿಲ್ಲ. ಇವತ್ತಿಂದ್ಲೇ ಕೆಲಸಕ್ಕೆ ಸೇರ್ಕೊಳ್ಳಿ."

ಅವನ ರೂಮನ್ನೂ ತೋರಿಸಿದರು. ಕಿಟಕಿಯ ಪಕ್ಕ ಚಕ್ರದ ಕುರ್ಚಿ, ತಲೆಗೆ ಬೇರೆ ದಿಂಬು, ಕೈಗೆ ಬೇರೆ ದಿಂಬು. ಲಿಫ್ಟಣ್ಣನ ಕಣ್ಣು ತುಂಬಿ ಬಂತು. ಹಳೇ ಮೊಣಕಾಲುಗಳನ್ನು ಮಡಿಸಿ, ಇನ್ನೇನು ಕೂರಬೇಕು.

"ಅಯ್ಯೋ, ಕೂತ್ಕೋಬೇಡಿ! ಈ ತಿಂಗಳು ಇನ್ನೂ ಹದಿನಾಲ್ಕು ಕಟ್ಟಡ ನೋಡ್ಬೇಕು. ಲಿಫ್ಟ್ ಅಂತೂ ಮುಟ್ಲೇಬೇಡಿ. ನಿಮ್ಮ ಗುಟ್ಟು ಇವತ್ತೇ ಊರೆಲ್ಲ ಹಬ್ಬಿರುತ್ತೆ, ಮಾಲೀಕರು ಬಟನ್ನೆಲ್ಲ ಉಜ್ಜಿ ಸವೆಸಿಟ್ಟಿರ್ತಾರೆ. ಮೆಟ್ಟಿಲು ಹತ್ತಿ, ಒಂದೊಂದು ಬಾಗಿಲೂ ತಟ್ಟಿ ನೋಡ್ಕೊಂಡು ಬನ್ನಿ. ಮೊದಲನೇದು ಈಗ್ಲೇ. ಹತ್ತೊಂಬತ್ತೇ ಮಹಡಿ."

ಸಂಜೆ ಲಿಫ್ಟಣ್ಣ ತನ್ನ ಮನೆಯ ಮೆಟ್ಟಿಲು ಹತ್ತಲಾರದೆ ಕ್ಯಾಷಿಯರರ ಜಗಲಿಯಲ್ಲೇ ಕಾಲು ಚಾಚಿದ. ಅವರು ತಮ್ಮ ಮೂರು ಮಾತಿನ ಮಹಿಮೆಯನ್ನು ಬೀದಿಗೆಲ್ಲ ಸಾರುತ್ತಿದ್ದರು. ಭಾವಮೈದುನ ಹರಿದ ಕೋಟನ್ನೂ ಮರೆತು ಕುಣಿಯುತ್ತಿದ್ದ. ಮೊಣಕಾಲು ಧಗಧಗ ಉರಿಯುತ್ತಿದ್ದರೂ ಲಿಫ್ಟಣ್ಣನಿಗೆ ಒಳಗೊಳಗೇ ಹಿಗ್ಗು. ಅನಲಿಸ್ಟ್ ಅಂದರೆ ಸುಮ್ಮನೆಯೇ?

ಹೆಂಡತಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಆಸೆಯಿಂದ ಕೇಳಿದಳು, "ಕುರ್ಚಿ ಹೇಗಿದೆ ರೀ?"

"ತುಂಬಾ ಮೆತ್ತಗಿದೆಯಂತೆ," ಅಂದ ಲಿಫ್ಟಣ್ಣ.