ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ

“ನೋಡಿ ಅಜ್ಜಿ, ತಾಮ್ರದ ತಂತಿ ನೂರು ಮೀಟರ್ ಓಡೋ ಹೊತ್ತಿಗೆ ಸುಸ್ತಾಗಿಬಿಡುತ್ತೆ. ನಿಮ್ಮ ಮನೆಯಿಂದ ಸಸಿಮನೆಗೆ ಮುನ್ನೂರು ಮೀಟರ್ ಇದೆ. ಅದಕ್ಕೇ ನಡುವೆ ಗಾಜಿನ ಎಳೆ ಎಳೆದಿದ್ದೀನಿ. ಅದರೊಳಗೆ ಕರೆಂಟು ಹರಿಯಲ್ಲ, ಬೆಳಕು ಹರಿಯುತ್ತೆ. ತಾಮ್ರದ ಮಾತನ್ನ ಬೆಳಕಿಗೆ, ಬೆಳಕಿನ ಮಾತನ್ನ ತಾಮ್ರಕ್ಕೆ ಬದಲಾಯಿಸೋಕೆ ಎರಡು ಡಬ್ಬಿ. ಒಂದು ಮನೆ ಹಾಲ್‌ನಲ್ಲಿ, ಇನ್ನೊಂದು ಸಸಿಮನೇಲಿ. ಸಸಿಮನೆ ಡಬ್ಬಿಯಿಂದ ಕ್ಯಾಮರಾಗೆ ಒಂದು ನೀಲಿ ವೈರು. ಕರೆಂಟೂ ಅದರಲ್ಲೇ ಹೋಗುತ್ತೆ, ಚಿತ್ರಾನೂ ಅದರಲ್ಲೇ ಬರುತ್ತೆ, ಕ್ಯಾಮರಾಗೆ ಬೇರೆ ಪ್ಲಗ್ಗು ಬೇಡ. ಗಾಜಿನ ಎಳೆ ಎರಡಿದೆ. ಒಂದರ ಎರಡೂ ತುದಿಗೆ ಕೆಂಪು ಟೇಪು ಸುತ್ತಿದ್ದೀನಿ, ಇನ್ನೊಂದಕ್ಕೆ ಇಲ್ಲ. ತುದಿಯ ಟೊಪ್ಪಿ ತೆಗೆದು ಡಬ್ಬಿಗೆ ಚುಚ್ಚಿ, ಟಕ್ ಅನ್ನಬೇಕು. ಮನೆ ಕಡೆ ಎಡ ತೂತಿಗೆ ಹಾಕಿದ್ದು ಸಸಿಮನೆ ಕಡೆ ಬಲ ತೂತಿಗೆ, ಬಲದ್ದು ಎಡಕ್ಕೆ. ಎಳೇನ ಮಡಚಬೇಡಿ, ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅಷ್ಟೇ. ಐದು ನಿಮಿಷದ ಕೆಲಸ.”

ಇದು ತಂತಿಯವನ ಮಾತು. ನಾನು ಒಂದಕ್ಷರ ಬಿಟ್ಟಿಲ್ಲ, ಒಂದಕ್ಷರ ಸೇರಿಸಿಲ್ಲ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಆಮೇಲೆ ನಲವತ್ತು ವರ್ಷ ಯಜಮಾನರ ಟೇಲರ್ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿದೆ, ಗುಂಡಿ ಹಚ್ಚಿದೆ. ಕೈ ಅಂಗಿಯ ಮೇಲೆ, ಕಿವಿ ಗಿರಾಕಿಗಳ ಮೇಲೆ. ಯಾರ ಮನೆಯ ಮದುವೆ ಯಾಕೆ ಮುರಿಯಿತು, ಯಾವ ಮಾತ್ರೆ ಯಾವ ನೋವಿಗೆ, ಎಲ್ಲವೂ ನನಗೆ ಕಿವಿಯಿಂದಲೇ ಬಂದ ವಿದ್ಯೆ. ಒಂದು ಸಲ ಕೇಳಿಸಿಕೊಂಡರೆ ಮುಗಿಯಿತು. ಆದ್ದರಿಂದ ತಂತಿಯವನು ಫೋನಿನಲ್ಲಿ ಮಾತು ಮುಗಿಸಿದ ಕೂಡಲೇ ನಾನು ಘೋಷಿಸಿದೆ:

“ಯಾರೂ ಬರೋದು ಬೇಡ. ಇದನ್ನ ನಾನೇ ಹಾಕ್ತೀನಿ.”

ಬರಬಲ್ಲವರು ಯಾರೂ ಇರಲಿಲ್ಲ ಎನ್ನುವುದೂ ನಿಜ. ತಂತಿಯವನು ಹಿಂದಿನ ದಿನ ನಮ್ಮ ಬೀದಿಯ ಗೋಡೆಯುದ್ದಕ್ಕೂ ಎಳೆ ಎಳೆದು ಮುಗಿಸಿ, ನಮ್ಮ ಗೇಟಿನ ಮುಂದೆ ಏಣಿಯ ಕೊನೆಯ ಮೆಟ್ಟಿಲಿನಿಂದ ಬಿದ್ದಿದ್ದ. ಹನ್ನೆರಡು ಮೆಟ್ಟಿಲು ಸಲೀಸಾಗಿ ಇಳಿದವನು ಹದಿಮೂರನೆಯದನ್ನು ಮರೆತ. ಈಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾನೆ. ಅಳಿಯ ಕೆಲಸದ ಮೇಲೆ ದೂರ ಹೋಗಿದ್ದಾನೆ. ಇನ್ನು ಮಗಳು, ಈ ಎಲ್ಲ ಗಲಾಟೆಗೆ ಮೂಲ ಕಾರಣವಾದ ಮಗಳು, ಹಾಲ್ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ.

ಅವಳಿಗೆ ಏಳನೇ ತಿಂಗಳು. ಎದ್ದು ಓಡಾಡಬಾರದು ಎಂದು ಡಾಕ್ಟರಮ್ಮ ಕಟ್ಟುನಿಟ್ಟು ಮಾಡಿದ್ದಾರೆ. ಆದರೆ ಬೀದಿಯ ಆ ತುದಿಯ ಸಸಿಮನೆಯಲ್ಲಿ ಅವಳು ಬಿತ್ತಿದ ಮೂರು ಸಾವಿರ ಸಸಿಗಳು ಈಗಷ್ಟೇ ಎರಡೆಲೆ ಬಿಟ್ಟಿವೆ. ಹೊಟ್ಟೆಯೊಳಗೆ ಒಂದು ಕೂಸು, ಹೊರಗೆ ಮೂರು ಸಾವಿರ. ನಾವು ಕಣ್ಣು ತಪ್ಪಿಸಿದರೆ ಸಾಕು, ಚಪ್ಪಲಿ ಮೆಟ್ಟಿ ನಡೆದೇಬಿಡುತ್ತಿದ್ದಳು. ಚಪ್ಪಲಿಗೆ ಹತ್ತಿದ ಹಸಿ ಮಣ್ಣು ನೋಡಿ ನಾವು ಕಂಡುಹಿಡಿಯುತ್ತಿದ್ದೆವು. ಹೋದ ವಾರ ಡಾಕ್ಟರಮ್ಮ ಅಂದರು, “ಇನ್ನೊಂದು ಸಲ ಎದ್ದು ಹೋದ್ರೆ ಹೆರಿಗೆ ಆಗೋವರೆಗೂ ಆಸ್ಪತ್ರೇಲೇ ಮಲಗಿಸ್ತೀನಿ. ನಾನು ತಮಾಷೆ ಮಾಡ್ತಿಲ್ಲ.” ಅದಕ್ಕೇ ಈ ಕ್ಯಾಮರಾ. ಮಲಗಿದಲ್ಲಿಂದಲೇ ಅವಳು ಸಸಿಗಳನ್ನು ನೋಡಬೇಕು, ಎದ್ದು ಹೋಗುವ ನೆಪ ಇರಬಾರದು.

ಸರಿ, ಬೆಳಗ್ಗೆ ಸ್ವೆಟರ್ ಏರಿಸಿಕೊಂಡು ಯುದ್ಧಕ್ಕೆ ಹೊರಟವಳಂತೆ ಹೊರಟೆ. ಯಜಮಾನರು ಹಾಲ್‌ನ ಡಬ್ಬಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಮನೆಯ ಕಡೆಯದನ್ನು ನಾನೇ ನಿಂತು ಹಾಕಿಸಿದೆ. ಕೆಂಪು ಟೇಪಿನದು ಎಡಕ್ಕೆ, ಬೋಳು ಎಳೆ ಬಲಕ್ಕೆ. ಟಕ್, ಟಕ್.

“ರೀ, ನಾನು ಹೇಳೋವರೆಗೂ ಇದನ್ನ ಮುಟ್ಟಬೇಡಿ.”

“ನಾನ್ಯಾಕೆ ಮುಟ್ಟಲಿ? ನನಗೇನು ಬೇರೆ ಕೆಲಸ ಇಲ್ವಾ?” ಎಂದರು. ಬೇರೆ ಕೆಲಸ ಇರಲಿಲ್ಲ.

ಸಸಿಮನೆಗೆ ಹೋದರೆ ಮೊದಲನೇ ಸಂಕಟ: ಕ್ಯಾಮರಾವನ್ನು ಎತ್ತರದಲ್ಲಿ ಕೂರಿಸಬೇಕು. ಏಣಿಯ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ತಂತಿಯವನ ಕಾಲು ನೆನಪಾಗುತ್ತದೆ. ಮೂಲೆಯಲ್ಲಿ ನಮ್ಮ ಅಂಗಡಿಯ ಹಳೇ ಗೊಂಬೆ ನಿಂತಿತ್ತು. ಅಂಗಡಿ ಮುಚ್ಚಿದ ಮೇಲೆ ಯಜಮಾನರು ಅದನ್ನು ಎಸೆಯಲೊಲ್ಲದೆ ಇಲ್ಲಿಗೆ ತಂದು ನಿಲ್ಲಿಸಿದ್ದರು. ತಲೆಯಿಲ್ಲ, ಕೈಯಿಲ್ಲ, ಮೈಮೇಲೆ ಮಾತ್ರ ಒಳ್ಳೇ ಕೋಟು. ನಲವತ್ತು ವರ್ಷ ಒಂದು ಮಾತೂ ಆಡದೆ ನಮ್ಮಿಬ್ಬರ ಕೆಲಸ ನೋಡುತ್ತ ನಿಂತಿದ್ದಕ್ಕೆ ಅದಕ್ಕೆ ‘ಮ್ಯಾನೇಜರ್’ ಎಂದೇ ಹೆಸರು. ಅದನ್ನು ನಡುಮಧ್ಯಕ್ಕೆ ಎಳೆದು ತಂದು ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಕತ್ತಿನ ಗೂಟಕ್ಕೆ ಕ್ಯಾಮರಾ ಕಟ್ಟಿದೆ. ಮ್ಯಾನೇಜರಿಗೆ ಕೊನೆಗೂ ತಲೆ ಬಂತು.

ನೀಲಿ ವೈರು ಚುಚ್ಚಿ ಡಬ್ಬಿಗೆ ಸ್ವಿಚ್ ಒತ್ತಿದೆ. ಕ್ಯಾಮರಾ ಕಣ್ಣು ಬಿಟ್ಟಿತು. ಯಾರು ಅಲ್ಲಾಡಿದರೂ ಅತ್ತ ತಿರುಗುವ ಜಾತಿಯದಂತೆ ಅದು. ಮೊದಲು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಆಮೇಲೆ ಗೊರ್ ಎಂದು ಒಂದು ಸುತ್ತು ಪೂರ್ತಿ ತಿರುಗಿತು.

ಸರಿಯಾಗಿ ಆ ಹೊತ್ತಿಗೆ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು ರಿಜಿಸ್ಟರ್ ಕಾಗದದಲ್ಲೇ ಕಣ್ಣಿಟ್ಟುಕೊಂಡು, “ಸರ್, ಇಲ್ಲೊಂದು ಸೈನ್ ಹಾಕಿ” ಎಂದು ಮ್ಯಾನೇಜರಿನತ್ತ ಪೆನ್ನು ಚಾಚಿದ್ದ. ಉತ್ತರ ಬಾರದೆ ತಲೆಯೆತ್ತಿದವನ ಕಣ್ಣೆದುರಿಗೆ ಕೋಟು ಹಾಕಿದ ಮನುಷ್ಯನ ತಲೆ ಬೆನ್ನಿನ ಕಡೆಯಿಂದ ಸುತ್ತಿಕೊಂಡು ಬಂದು ಅವನ ಮುಖವನ್ನೇ ದಿಟ್ಟಿಸಿ ನಿಂತಿತು. ಪೆನ್ನು ಇನ್ನೂ ನಮ್ಮಲ್ಲೇ ಇದೆ. ಕಾಗದ ಅವನ ಜೊತೆ ಹೋಯಿತು.

ನಾನು ಗಾಜಿನ ಎಳೆಗಳ ಹತ್ತಿರ ಕೂತೆ. ಟೊಪ್ಪಿ ತೆಗೆದೆ. ಇಲ್ಲಿಯೇ ನನ್ನ ಬುದ್ಧಿ ಕೈಕೊಟ್ಟಿದ್ದು.

ಎಡದ್ದು ಬಲಕ್ಕೆ ಎಂದು ಅವನು ಹೇಳಿದ್ದನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ. ಆದರೆ ನೀವೇ ಹೇಳಿ, ನಲವತ್ತು ವರ್ಷ ಗುಂಡಿ ಹಚ್ಚಿದವಳು ನಾನು. ಮೊದಲನೇ ಗುಂಡಿ ಮೊದಲನೇ ಕಾಜಾಕ್ಕೆ, ಎರಡನೆಯದು ಎರಡನೆಯದಕ್ಕೆ. ಒಂದು ತಪ್ಪಿದರೆ ಅಂಗಿಯೇ ಸೊಟ್ಟ, ಅಂಗಡಿಯ ಮಾನವೇ ಹೋಯಿತು. ಎಡದ್ದನ್ನು ಬಲಕ್ಕೆ ಹಾಕು ಎಂದು ಬುದ್ಧಿ ನೆಟ್ಟಗಿರುವವರು ಹೇಳುತ್ತಾರೆಯೇ? ಪಾಪ, ನೋವಿನ ಮಾತ್ರೆಯ ಮಂಪರಿನಲ್ಲಿ ಹುಡುಗ ಬಾಯಿತಪ್ಪಿ ಆಡಿದ್ದಾನೆ, ಹಿರಿಯಳಾಗಿ ನಾನೇ ತಿದ್ದಿಕೊಂಡರಾಯಿತು, ಹೇಳಿ ಅವನ ಮನಸ್ಸು ಯಾಕೆ ನೋಯಿಸಲಿ ಎಂದುಕೊಂಡೆ. ಕೆಂಪು ಎಡಕ್ಕೆ. ಬೋಳು ಬಲಕ್ಕೆ. ಟಕ್, ಟಕ್. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಗಳಿಗೆ ಫೋನ್ ಹಚ್ಚಿದೆ. “ಪುಟ್ಟಿ, ಬಂತಾ?”

“ಏನೂ ಇಲ್ಲಮ್ಮ. ಕಪ್ಪು.”

“ಕ್ಯಾಮರಾ ಕಣ್ಣು ಬಿಟ್ಟಿದೆಯಲ್ಲೇ. ನನ್ನನ್ನೇ ದುರುಗುಟ್ಟಿ ನೋಡ್ತಿದೆ.”

“ನಿನ್ನನ್ನ ಅದು ನೋಡಿದ್ರೆ ಏನು ಬಂತು? ನಾನು ನೋಡಬೇಕು. ಸಸಿ ಹೇಗಿವೆ? ಮೂರನೇ ಸಾಲು ಒಣಗಿದೆಯಾ?”

“ಚೆನ್ನಾಗಿವೆ.”

“ನಿನಗೆ ಎಲ್ಲಾ ಚೆನ್ನಾಗೇ ಕಾಣುತ್ತೆ. ನಾನೇ ಒಂದು ಸಲ ಬಂದು…”

“ಕಾಲು ಕೆಳಗಿಟ್ಟರೆ ನೋಡು,” ಎಂದೆ. “ರೀ, ಅವಳನ್ನ ನೋಡ್ಕೊಳ್ಳಿ.”

ಆ ಕಡೆಯಿಂದ ಯಜಮಾನರ ದನಿ ಬಂತು. “ಚಪ್ಪಲಿ ಹಾಕ್ಕೊಂಡಿದ್ದಾಳೆ.”

“ಕಸಿದುಕೊಳ್ಳಿ.”

“ಒಂದು ಸಿಕ್ತು. ಇನ್ನೊಂದು ಕೊಡ್ತಿಲ್ಲ.”

ಮಗಳು ತಂತಿಯವನನ್ನೂ ಅದೇ ಫೋನಿಗೆ ಸೇರಿಸಿದಳು. ಮಲಗಿದವರಿಬ್ಬರು ಅಪ್ಪಣೆ ಕೊಡುವವರು, ಮೊಣಕಾಲು ನೋವಿನ ಮುದುಕರಿಬ್ಬರು ಕೆಲಸದವರು. “ಅಡ್ಡ ಹಾಕಿದ್ದೀರಾ ಅಜ್ಜಿ?” ಎಂದು ಅವನು ಕೇಳಿದ. “ಎಲ್ಲಾ ಸರಿಯಾಗಿ ಹಾಕಿದ್ದೀನಪ್ಪ” ಎಂದೆ. ಸುಳ್ಳೇನಲ್ಲ. ನನ್ನ ಪ್ರಕಾರ ಸರಿಯಾಗಿಯೇ ಇತ್ತು. ಡಬ್ಬಿಯ ಮೂರು ದೀಪಗಳಲ್ಲಿ ನಡುವಿನದು ಹತ್ತಿಲ್ಲ ಎಂದೆ. ಹಾಗಾದರೆ ಬೆಳಕು ದಾಟುತ್ತಿಲ್ಲ, ಟೊಪ್ಪಿ ತೆಗೆದಿರಾ, ಎಳೆ ಎಲ್ಲಾದರೂ ಮಡಚಿದೆಯಾ ಎಂದೆಲ್ಲ ವಿಚಾರಿಸಿದ. ನಾನು ಗೋಡೆ ಹಿಡಿದುಕೊಂಡು ಮುನ್ನೂರು ಮೀಟರ್ ಎಳೆಯನ್ನು ಕಣ್ಣಲ್ಲೇ ಸವರುತ್ತ ಮನೆಗೆ ಹೋದೆ, ಮತ್ತೆ ಸಸಿಮನೆಗೆ ಬಂದೆ. ಎಲ್ಲೂ ಮಡಿಕೆಯಿಲ್ಲ. ಎದುರುಮನೆಯಾಕೆ ಗೋಡೆಯ ಮೇಲಿಂದ ಇಣುಕಿ, “ಏನಮ್ಮ, ವಾಕಿಂಗಾ?” ಎಂದಳು. ಹೌದೆಂದೆ.

“ಅಮ್ಮ, ಇನ್ನು ಹತ್ತು ನಿಮಿಷ,” ಫೋನಿನಲ್ಲಿ ಮಗಳ ದನಿ ಬಿಗಿಯಾಗಿತ್ತು. “ಆಮೇಲೆ ಬರೀ ಕಾಲಲ್ಲೇ ಬರ್ತೀನಿ. ಆಸ್ಪತ್ರೆಗೆ ಹಾಕಿದ್ರೆ ಹಾಕ್ಲಿ. ಮೂರು ಸಾವಿರ ಜೀವ ಸಾಯ್ತಿರೋವಾಗ ಹೇಗೆ ಮಲಗಿರಲಿ?”

ನನ್ನ ಜಂಭ ಅಲ್ಲಿಗೆ ಇಳಿಯಿತು. ಅವನು ಹೇಳಿದಂತೆ ಒಂದು ಸಲ ಮಾಡಿ ನೋಡೋಣ, ಆದರೆ ಯಾರಿಗೂ ಹೇಳುವುದು ಬೇಡ ಎಂದುಕೊಂಡು, ಸದ್ದಿಲ್ಲದೆ ಎರಡೂ ಎಳೆ ಕಿತ್ತು ಅದಲುಬದಲು ಚುಚ್ಚಿದೆ. ನಡುವಿನ ದೀಪ ಹತ್ತಲಿಲ್ಲ. ನೋಡಿದಿರಾ? ಹುಡುಗನದೇ ತಪ್ಪು. ಮತ್ತೆ ಕಿತ್ತು ಮೊದಲಿನಂತೆ ಚುಚ್ಚತೊಡಗಿದೆ. ಚುಚ್ಚಿ ಕೈ ತೆಗೆದದ್ದೇ ತಡ, ದೀಪ ಫಕ್ಕನೆ ಹತ್ತಿತು.

“ಬಂತು ಬಂತು,” ಎಂದಳು ಮಗಳು. “ಅಯ್ಯೋ, ಹೋಯ್ತು.”

ನಾನು ಮುಟ್ಟಿರಲೇ ಇಲ್ಲ, ಆಣೆಗೂ. ದೀಪ ತಾನಾಗಿ ಹತ್ತಿ ತಾನಾಗಿ ಆರಿತ್ತು. ಗಾಬರಿಯಾಗಿ ಮತ್ತೆ ಅದಲುಬದಲು ಮಾಡಿದೆ. ಕತ್ತಲೆ. ಮತ್ತೆ ಮೊದಲಿನಂತೆ. ಕತ್ತಲೆ. ಮ್ಯಾನೇಜರ್ ತಲೆ ನನ್ನ ಕೈ ಹೋದಲ್ಲೆಲ್ಲ ತಿರುಗುತ್ತಿತ್ತು. ಭೂಮಿಯ ಮೇಲೆ ಅದೊಂದಕ್ಕೆ ಮಾತ್ರ ಎಲ್ಲವೂ ಗೊತ್ತಿತ್ತು, ಹೇಳಲು ದಾರಿ ಇರಲಿಲ್ಲ.

ತಂತಿಯವನು ಕೇಳಿದ. “ಅಜ್ಜಿ, ನೀವೇನಾದ್ರೂ ಎಳೆ ಮುಟ್ಟಿದ್ರಾ?”

“ಇಲ್ಲಪ್ಪ.”

“ತಾತ, ನೀವು?”

“ನಾನ್ಯಾಕೆ ಮುಟ್ಟಲಿ? ನನಗೇನು ಬೇರೆ ಕೆಲಸ ಇಲ್ವಾ?”

ಮಗಳು ಮಂಚದಿಂದಲೇ ಹಾಲ್‌ನತ್ತ ಕತ್ತು ಚಾಚಿರಬೇಕು, ನಿಧಾನವಾಗಿ ಅಂದಳು, “ಅಪ್ಪ. ನಿನ್ನ ಕೈಲಿರೋ ಆ ಕೆಂಪು ಟೇಪಿನ ತುದಿ ಏನು?”

ಗುಟ್ಟು ಹೊರಬಿತ್ತು. ಹತ್ತು ನಿಮಿಷ ಎಂದು ಮಗಳು ಅಂದದ್ದೇ ತಡ, ಯಜಮಾನರೂ ಮನಸ್ಸಿನಲ್ಲೇ ಯೋಚಿಸಿದ್ದರು: ಇವಳು ಖಂಡಿತ ಅಡ್ಡ ಹಾಕಿರುವುದಿಲ್ಲ, ಗುಂಡಿ-ಕಾಜಾ ಲೆಕ್ಕ ಹಾಕಿರುತ್ತಾಳೆ, ಎದುರಿಗೆ ಹೇಳಿದರೆ ಸಿಟ್ಟಾಗುತ್ತಾಳೆ, ನಾನೇ ಈ ಕಡೆ ಸದ್ದಿಲ್ಲದೆ ಬದಲಾಯಿಸಿಬಿಡೋಣ. ನಾನು ಬದಲಾಯಿಸಿದಾಗೆಲ್ಲ ಅವರೂ ಬದಲಾಯಿಸಿದ್ದರು. ನಾನು ವಾಪಸು ಹಾಕಿದಾಗೆಲ್ಲ ಅವರೂ ವಾಪಸು ಹಾಕಿದ್ದರು. ಒಬ್ಬರ ಕೈ ಇನ್ನೊಬ್ಬರಿಗಿಂತ ತುಸು ತಡವಾದ ಆ ಒಂದು ಗಳಿಗೆಯಲ್ಲಿ ಮಾತ್ರ ದೀಪ ಹತ್ತಿತ್ತು. ಮದುವೆಯಾಗಿ ನಲವತ್ತಾರು ವರ್ಷವಾಯಿತು, ನಾವಿಬ್ಬರೂ ಇಷ್ಟು ಒಮ್ಮನಸ್ಸಿನಿಂದ ಕೆಲಸ ಮಾಡಿದ್ದು ಅದೇ ಮೊದಲು.

“ಅಜ್ಜಿ,” ತಂತಿಯವನ ದನಿಯಲ್ಲಿ ನಗು ತಡೆದ ನಡುಕವಿತ್ತು. “ಎರಡು ತೂತಲ್ಲಿ ಒಂದು ಬಾಯಿ, ಒಂದು ಕಿವಿ. ಈ ಕಡೆ ಬಾಯಿ ಆಡಿದ್ದು ಆ ಕಡೆ ಕಿವಿಗೆ ಹೋಗಬೇಕು. ನೀವು ಬಾಯಿಗೆ ಬಾಯಿ, ಕಿವಿಗೆ ಕಿವಿ ಕೊಟ್ಟರೆ ಎರಡು ಡಬ್ಬೀನೂ ಮಾತಾಡ್ತವೆ, ಕೇಳಿಸಿಕೊಳ್ಳೋರೇ ಇಲ್ಲ.”

ಕಿವಿಯ ಮೇಲೆ ಅಷ್ಟು ಜಂಭ ಪಟ್ಟವಳಿಗೆ ಇದಕ್ಕಿಂತ ಇನ್ನೇನು ಬೇಕು? “ಮೊದಲೇ ಹೀಗೆ ಹೇಳಬಾರದಿತ್ತೇನಪ್ಪ?” ಎಂದೆ, ಸುಮ್ಮನಿರಲಾರದೆ.

“ಎಡದ್ದು ಬಲಕ್ಕೆ ಅಂತ ಹೇಳಿದ್ದೆ ಅಜ್ಜಿ.”

“ಕೇಳಿಸ್ಕೊಂಡಿದ್ದೆ,” ಎಂದೆ.

ಯಜಮಾನರು ಕೆಂಪನ್ನು ಎಡಕ್ಕೆ ಹಾಕಿ ಎರಡೂ ಕೈ ಕಟ್ಟಿಕೊಂಡು ಕೂರಬೇಕು, ಕೈ ಕಟ್ಟಿದ್ದಕ್ಕೆ ಮಗಳು ಸಾಕ್ಷಿ ಎಂದು ತೀರ್ಮಾನವಾಯಿತು. ನಾನು ಕಣ್ಣು ಮುಚ್ಚಿಕೊಂಡು, ಸೊಟ್ಟ ಅಂಗಿ ಹೊಲಿಯುತ್ತಿರುವ ಸಂಕಟದಲ್ಲಿ, ಕೆಂಪನ್ನು ಬಲಕ್ಕೆ, ಬೋಳನ್ನು ಎಡಕ್ಕೆ ಚುಚ್ಚಿದೆ. ಟಕ್, ಟಕ್. ನಡುವಿನ ದೀಪ ಹತ್ತಿತು. ಆರಲಿಲ್ಲ.

ಫೋನಿನಲ್ಲಿ ಮಂಚ ಕಿರ್ ಎಂದಿತು. ಮಗಳು ಕಾಲು ಮೇಲೆ ತೆಗೆದುಕೊಂಡು ದಿಂಬಿಗೆ ಒರಗಿದ ಸದ್ದು. ನನ್ನ ಎದೆಯಿಂದ ಒಂದು ಗೋಣಿ ಚೀಲ ಇಳಿಸಿದ ಹಾಗಾಯಿತು.

“ಕಾಣ್ತಿವೆಯಾ ಪುಟ್ಟಿ, ನಿನ್ನ ಮಕ್ಕಳು?”

ಉತ್ತರ ಫೋನಿನಿಂದ ಬರಲಿಲ್ಲ. ಕ್ಯಾಮರಾದೊಳಗಿನ ಸ್ಪೀಕರಿನಿಂದ, ಅಂದರೆ ಸಾಕ್ಷಾತ್ ಮ್ಯಾನೇಜರಿನ ಕತ್ತಿನ ಮೇಲಿನಿಂದ ಬಂತು. ನಲವತ್ತು ವರ್ಷದ ಮೌನ ಮುರಿದು ಅದು ಮೊದಲ ಮಾತಾಡಿತು:

“ಅಮ್ಮ, ನಿನ್ನ ಸ್ವೆಟರ್ ಗುಂಡಿ ನೋಡ್ಕೊ.”

ಬಗ್ಗಿ ನೋಡಿಕೊಂಡೆ. ಮೊದಲನೇ ಗುಂಡಿ ಎರಡನೇ ಕಾಜಾದಲ್ಲಿ, ಎರಡನೆಯದು ಮೂರನೆಯದರಲ್ಲಿ. ಕೆಳಗೆ ಒಂದು ಗುಂಡಿ ಕಾಜಾ ಸಿಗದೆ ಅನಾಥವಾಗಿ ನೇತಾಡುತ್ತಿತ್ತು. ಇದೇ ಅವತಾರದಲ್ಲಿ ಬೀದಿಯುದ್ದಕ್ಕೂ ಮೂರು ಸಲ ಓಡಾಡಿದ್ದೆ. ಎದುರುಮನೆಯಾಕೆ ಇಣುಕಿದ್ದು ಯಾಕೆಂದು ಈಗ ಗೊತ್ತಾಯಿತು.

“ರೀ, ನೀವೂ ನೋಡಲಿಲ್ವಾ?”

“ಬೆಳಗ್ಗೇನೇ ನೋಡಿದ್ದೆ,” ಎಂದರು ಮ್ಯಾನೇಜರಿನ ಕತ್ತಿನಿಂದ ಯಜಮಾನರು. “ನಿನಗೆ ಗುಂಡಿ ಹಾಕೋದು ಹೇಳಿಕೊಡೋಷ್ಟು ಧೈರ್ಯ ನನಗಿಲ್ಲ.”

“ಅಮ್ಮ, ಮೂರನೇ ಸಾಲು ಬಾಡಿದೆ,” ಮಗಳು ನಡುವೆ ಬಾಯಿ ಹಾಕಿದಳು. “ಎಲೆ ಮೇಲೆ ಸುರೀಬೇಡ, ಬುಡಕ್ಕೆ ಹಾಕು. ನಾನು ನೋಡ್ತಿದ್ದೀನಿ.”

ಗುಂಡಿಗಳನ್ನೆಲ್ಲ ಬಿಚ್ಚಿ, ಈ ಸಲ ಕೆಳಗಿನಿಂದ ಎಣಿಸಿಕೊಂಡು ಬಂದು ಹಾಕಿದೆ. ನಲ್ಲಿ ತಿರುಗಿಸಿ ಕೊಕ್ಕರೆಯ ಕೊಕ್ಕಿನಂಥ ಮೂತಿಯಿರುವ ನೀರಿನ ಕ್ಯಾನನ್ನು ತುಂಬಿಕೊಂಡೆ. ಮೂರನೇ ಸಾಲಿನ ತುದಿಯಲ್ಲಿ ಬಗ್ಗಿ, ಒಂದೊಂದೇ ಸಸಿಯ ಬುಡಕ್ಕೆ ನೀರು ಹನಿಸುತ್ತ ಹೋದೆ. ಮ್ಯಾನೇಜರ್ ತಲೆ ಗೊರ್ ಎನ್ನುತ್ತ ನನ್ನ ಹಿಂದೆಯೇ ತಿರುಗುತ್ತಿತ್ತು.