ಇಳಿಯದ ಅಳಿಯ

ಟೈಮ್ ಟ್ರಯಲ್ ಎಂದರೇನು ಎಂದು ಹೆಂಡತಿಗೆ ತಿಳಿಸಿ ಹೇಳುವುದು ಟೈಮ್ ಟ್ರಯಲ್ ಓಡಿಸುವುದಕ್ಕಿಂತ ಕಷ್ಟ. ಓಡಿಸುವುದು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹೇಳುವುದನ್ನು ನಾನು ಎರಡು ವರ್ಷದಿಂದ ಹೇಳುತ್ತಲೇ ಇದ್ದೇನೆ.

ನನ್ನ ಹೆಸರು ಈಶ್ವರ. ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ವಯಸ್ಸು ನಲವತ್ತನಾಲ್ಕು, ತೂಕ ಎಂಬತ್ತಾರು. ಸಕ್ಕರೆ ಕಾಯಿಲೆಗೆ ಹೆದರಿ ಡಾಕ್ಟರ ಹತ್ತಿರ ಹೋದಾಗ ಅವರು ಸ್ವಲ್ಪ ಸೈಕಲ್ ಹೊಡೆಯಿರಿ ಎಂದರು. ನಾನು ಆ 'ಸ್ವಲ್ಪ'ವನ್ನು ಕೇಳಿಸಿಕೊಳ್ಳಲಿಲ್ಲ. ನಮ್ಮ ಸೀಮೆಯಲ್ಲಿ ಸೈಕಲ್ ಎಂದರೆ ಸಣ್ಣ ಮಾತಲ್ಲ. ಮೀಸೆ ಮೂಡದ ಹುಡುಗರು ಮುಂಜಾನೆ ಬಾಣದ ಹಾಗೆ ಹೋಗಿ ಸಂಜೆಗೆ ಪದಕ ಕಟ್ಟಿಕೊಂಡು ಬರುತ್ತಾರೆ. ಅವರನ್ನು ನೋಡಿ ನೋಡಿ ನನಗೂ ಗಾಳಿ ಬಡಿಯಿತು. (ಟಯರಿಗೆ ತುಂಬುವ ಗಾಳಿಯಲ್ಲ, ಲಿಂಬೆಹಣ್ಣು ಇಳಿಸಿ ಬಿಡಿಸುತ್ತಾರಲ್ಲ, ಆ ಗಾಳಿ.)

ಬೆಳಗಾವಿಯಿಂದ ರೇಸಿನ ಸೈಕಲ್ ಬಂತು. ಎರಡು ಬೆರಳಿನಿಂದ ಎತ್ತಬಹುದು, ಅಷ್ಟು ಹಗುರ. ನನ್ನ ಹೆಂಡತಿ ಮಾದೇವಿ ಅದಕ್ಕೆ 'ಎಲಬಿನ ಗೂಡು' ಎಂದು ನಾಮಕರಣ ಮಾಡಿದಳು. ಬಿಸಿಲು ತಗಲಬಾರದು, ಮಳೆ ತಗಲಬಾರದು, ದಾರಿಯಲ್ಲಿ ಹೋಗುವವರ ಕಣ್ಣಂತೂ ತಗಲಲೇಬಾರದು. ಅಂಥ ಜಾಗ ನಮ್ಮ ಮನೆಯಲ್ಲಿ ಒಂದೇ ಇತ್ತು, ಪಡಸಾಲೆಯ ಕಿಟಕಿಯ ಮೂಲೆ. ಅಲ್ಲಿ ಮಾದೇವಿಯ ಹೊಲಿಗೆ ಮಷೀನಿತ್ತು. ನಮ್ಮ ಓಣಿಯ ಅರ್ಧ ಹೆಣ್ಣುಮಕ್ಕಳ ಕುಪ್ಪಸಗಳು ಆ ಮೂಲೆಯಲ್ಲೇ ಹುಟ್ಟುತ್ತವೆ. ನಾನು ಮಷೀನನ್ನು ಅಡಿಗೆಮನೆಯ ಬಾಗಿಲಿಗೆ ಸ್ಥಳಾಂತರಿಸಿ, ಕಿಟಕಿಯ ಮೂಲೆಯಲ್ಲಿ ಸೈಕಲ್ ಪ್ರತಿಷ್ಠಾಪಿಸಿದೆ.

ಹದಿನೈದು ದಿನ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಹದಿನಾರನೇ ದಿನ ಒಗ್ಗರಣೆ ಸಿಡಿದು ಯಾರದೋ ಮದುವೆಯ ಕುಪ್ಪಸದ ಮೇಲೆ ಅರಿಸಿನದ ಕಲೆ ಬಿತ್ತು. ಮೂರು ದಿನ ಕೂತು ಕೈಕಸೂತಿ ಹಾಕಿದ್ದ ಕುಪ್ಪಸ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ನನಗೆ ಕೆಟ್ಟೆನಿಸಿತು, ನಿಜವಾಗಿಯೂ ಕೆಟ್ಟೆನಿಸಿತು. ಆದರೆ ಸೈಕಲ್ಲನ್ನು ಮೂಲೆಯಿಂದ ತೆಗೆಯುವಷ್ಟು ಕೆಟ್ಟೆನಿಸಲಿಲ್ಲ. (ಗಂಡಸರ ಪಶ್ಚಾತ್ತಾಪಕ್ಕೆ ಒಂದು ಅಳತೆ ಇರುತ್ತದೆ.)

ಇನ್ನು ಟೈಮ್ ಟ್ರಯಲ್ಲಿನ ವಿಷಯ. ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ, ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ, ಯಾರು ಕಡಿಮೆ ವೇಳೆಯಲ್ಲಿ ಮುಟ್ಟುತ್ತಾರೋ ಅವರೇ ಗೆದ್ದ ಹಾಗೆ ಎಂದು ಹಲಗೆಯ ಮೇಲೆ ಬರೆಯುವಂತೆ ವಿವರಿಸಿದೆ. ಹಾಗಾದರೆ ನೀವು ಓಡಿಸುವುದು ಯಾರ ಜೋಡಿ ಎಂದು ಕೇಳಿದಳು. ಗಡಿಯಾರದ ಜೋಡಿ ಎಂದೆ. ಗಡಿಯಾರ ಸೋತದ್ದನ್ನು ಯಾವಾಗಲಾದರೂ ನೋಡಿದ್ದೀರಾ ಎಂದಳು. ಮತ್ತೆ 'ಟ್ರಯಲ್' ಎಂಬ ಶಬ್ದವನ್ನು ಹಿಡಿದಳು.

"ನಮ್ಮ ಹೊಲಗಿ ಒಳಗ ಟ್ರಯಲ್ ಅಂದ್ರ ಕಚ್ಚಾ ಹೊಲದು, ಹಾಕ್ಕೊಂಡು ನೋಡಿ, ಎಲ್ಲಿ ಬಿಗಿ ಆಕ್ಕೈತಿ ಅಲ್ಲಿ ಬಿಚ್ಚೂದು," ಎಂದಳು, ಮೈಗಂಟಿದ ನನ್ನ ರೇಸಿನ ಚಡ್ಡಿಯನ್ನೇ ನೋಡುತ್ತ. "ನಿಮ್ಮದು ಟ್ರಯಲ್ಲ ಆತಲ್ಲ. ಖರೇದು ಯಾವಾಗ?"

ಇದೇ ಖರೆ ಎಂದು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಮಗಳು ಕಾವ್ಯ ಮಾತ್ರ, ಓಣಿ ದಾಟುವ ತನಕ ಚಡ್ಡಿಯ ಮೇಲೊಂದು ಲುಂಗಿ ಸುತ್ತಿಕೊಂಡು ಹೋಗು ಎಂದು ಬೇಡಿಕೊಂಡಳು. ಸುತ್ತಿಕೊಂಡೇ ಹೋಗುತ್ತಿದ್ದೆ.

ಮೊದಲನೇ ಟ್ರಯಲ್ ಬೀಳಗಿ ರಸ್ತೆಯಲ್ಲಿ. ಎರಡೂ ಕಾಲು ಪೆಡಲಿಗೆ ಸಿಕ್ಕಿಸಿಕೊಂಡು ಕೂರಬೇಕು, ಹಿಂದೆ ಒಬ್ಬರು ಸೀಟು ಹಿಡಿದಿರುತ್ತಾರೆ, ಐದು, ನಾಲ್ಕು, ಮೂರು ಎಂದು ಎಣಿಸಿ ಬಿಡುತ್ತಾರೆ. ಅವರು ಬಿಟ್ಟರು. ನಾನು ಮುಂದೆ ಹೋಗುವ ಬದಲು ಬಲಕ್ಕೆ ಹೋಗಿ, ಗಡಿಯಾರ ಹಿಡಿದವರ ತೊಡೆಯ ಮೇಲೆ ಆಸೀನನಾದೆ. ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವನಾದೆ. ಎರಡನೆಯದು ರಬಕವಿ–ಬನಹಟ್ಟಿ ರಸ್ತೆಯಲ್ಲಿ. ಮೊದಲ ಎರಡು ಕಿಲೋಮೀಟರಿನಲ್ಲಿ ಎಂಥ ವೇಗ ಹಾಕಿದೆನೆಂದರೆ, ಮಿಕ್ಕ ಹದಿನೆಂಟಕ್ಕೆ ಏನೂ ಉಳಿಯಲಿಲ್ಲ. ಮಗ್ಗದ ಮನೆಗಳ ಮುಂದೆ ಕೂತಿದ್ದ ಮುದುಕಿಯರು ಯಾರಿಗೋ ಆರಾಮಿಲ್ಲ ಎಂದು ನೀರು ತಂದರು. ಅಲ್ಲಿಯೂ ಹದಿನಾಲ್ಕನೆಯವ. ಎರಡೂ ಸಲ ನನಗಿಂತ ಒಂದೇ ಒಂದು ಸ್ಥಾನ ಮೇಲಿದ್ದವ ಬನಹಟ್ಟಿಯ ಗೂಳಪ್ಪ. ಐವತ್ತೆಂಟು ವರ್ಷದ ಆಸಾಮಿ, ಮಗ್ಗದಿಂದ ಅಂಗಡಿಗೆ ಸೀರೆಯ ಗಂಟನ್ನು ಸೈಕಲ್ ಮೇಲೆ ಹೊತ್ತು ಹೊತ್ತು ಮೊಣಕಾಲು ಕಬ್ಬಿಣ ಮಾಡಿಕೊಂಡವ.

ಎರಡನೆಯ ಸೋಲಿನ ಮರುದಿನ ಮಾದೇವಿ ಒಂದು ಕರಾರು ಹಾಕಿದಳು.

"ಗೆಲ್ರಿ ಅಂತ ನಾ ಹೇಳಂಗಿಲ್ಲ. ಮೂರನೇ ಸಲಾನೂ ಕಡೀಕ ಬಂದ್ರ ನನ್ನ ಮೂಲಿ ನನಗ ಬಿಡಬೇಕು. ಆ ಎಲಬಿನ ಗೂಡು ನಮ್ಮಪ್ಪನ ಹೊಲಕ್ಕ ಹೋಗಬೇಕು."

ಇಷ್ಟೇ ತಾನೆ ಎಂದು ಒಪ್ಪಿದೆ. ಗೆಲ್ಲುವುದು ಬೇಡ, ಗೂಳಪ್ಪನೊಬ್ಬನನ್ನು ಹಿಂದೆ ಹಾಕಿದರೆ ಸಾಕು. ಗೂಳಪ್ಪ ನನಗಿಂತ ಹದಿನಾಲ್ಕು ವರ್ಷ ದೊಡ್ಡವ. ಲೆಕ್ಕ ಸುಲಭವಿತ್ತು.

ಮೂರನೇ ಟ್ರಯಲ್ ಜನವರಿಯ ಒಂದು ರವಿವಾರ, ನಲವತ್ತು ದಾಟಿದವರಿಗೆ. ಮುಧೋಳದಾಚೆಯ ಪೆಟ್ರೋಲ್ ಬಂಕಿನಿಂದ ರನ್ನ ಬೆಳಗಲಿಗೆ ಹೋಗಿ, ಅಲ್ಲಿ ರಸ್ತೆಯ ನಡುವೆ ಇಟ್ಟ ಡ್ರಮ್ಮು ಸುತ್ತಿ ಹೊರಳಿ ಬರುವುದು, ಒಟ್ಟು ಇಪ್ಪತ್ತು ಕಿಲೋಮೀಟರ್. ದಾರಿಯ ನಕಾಶೆಯನ್ನು ಎರಡೆರಡು ಸಲ ನೋಡಿದೆ. ಬೆಳಗಲಿ ನನ್ನ ಮಾವನ ಊರು. ಡ್ರಮ್ಮು ಇಡುವುದು ಅವರ ಮನೆಯ ಕಟ್ಟೆಯ ಮುಂದೆಯೇ.

ನಮ್ಮ ಕಡೆ ಅಳಿಯನಾದವ ಮಾವನ ಮನೆಯ ಮುಂದೆ ಹಾದುಹೋಗುತ್ತ ಇಳಿಯದಿದ್ದರೆ ಏನಾಗುತ್ತದೆ ಎಂದು ಬಲ್ಲವರೇ ಬಲ್ಲರು. ಬಸ್ಸಿನಲ್ಲಿ ಹೋದರೂ ಕಿಟಕಿಯಿಂದ ಒಂದು ಚೀಟಿ ಎಸೆದು ಹೋಗಬೇಕು. ಮಾವ ಶಂಕರೆಪ್ಪನವರಂತೂ ಚಹಾ ಕುಡಿಸದೆ ಲೈಟಿನ ಮೀಟರ್ ನೋಡುವವನನ್ನೂ ಬಿಟ್ಟವರಲ್ಲ. ಅದಕ್ಕೆ ಮಾದೇವಿಗೆ ಕೈಮುಗಿದು, ನಿಮ್ಮಪ್ಪನಿಗೆ ಫೋನ್ ಮಾಡಿ ತಿಳಿಸಿ ಹೇಳು, ಅಂದು ನಾನು ಒಂದು ಸೆಕೆಂಡೂ ನಿಲ್ಲುವ ಹಾಗಿಲ್ಲ ಎಂದೆ. ಅವಳು ಫೋನ್ ಮಾಡಿದಳು. ಏನು ಹೇಳಿದಳೆಂಬುದು ನನಗೆ ಆಮೇಲೆ ತಿಳಿಯಿತು. ಅವರು ಸೈಕಲ್ ಮೇಲೆ ಬರುತ್ತಾರೆ, ಗಾಬರಿಯಾಗಬೇಡ, ಬರೇ ಟ್ರಯಲ್ ಐತಿ ಎಂದು ಹೇಳಿದ್ದಳು. ಬರೇ ಟ್ರಯಲ್ ಎಂದ ಮೇಲೆ ಅವಸರವೇನು ಎಂದು ಮಾವ ಒಂದು ದೊಡ್ಡ ಪಾತ್ರೆ ಉಪ್ಪಿಟ್ಟಿಗೆ ರವೆ ಹುರಿಸಿದ್ದರು.

ಹಿಂದಿನ ಸಲ ಕೊನೆಗೆ ಬಂದವನನ್ನು ಮೊದಲು ಬಿಡುವುದು ಪದ್ಧತಿ. ಆದ್ದರಿಂದ ನನ್ನದು ಒಂದನೇ ನಂಬರು, ಗೂಳಪ್ಪನದು ಎರಡು. (ಶಾಲೆಯಲ್ಲಿ ಒಂದನೇ ನಂಬರು ಎಂದಷ್ಟೇ ಹೇಳಿದ್ದೇನೆ.) ಈ ಸಲ ನೇರವಾಗಿಯೇ ಹೊರಟೆ. ಗಾಳಿ ಸೀಳಬೇಕಾದರೆ ಬಗ್ಗಬೇಕು, ಬಗ್ಗಿದರೆ ಮೊಣಕಾಲು ಹೊಟ್ಟೆಗೆ ಬಡಿಯುತ್ತದೆ, ಬಡಿದಾಗಲೆಲ್ಲ ಬಾಯಿಂದ 'ಹುಂ' ಎಂದು ಶಬ್ದ ಬರುತ್ತದೆ. ಹೀಗೆ ಪ್ರತಿಯೊಂದು ತುಳಿತಕ್ಕೂ ಯಾರಿಗೋ ಒಪ್ಪಿಗೆ ಕೊಡುತ್ತ ಹೋದೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ನನ್ನ ಮುಂದೆ ಬಂತು. ಆ ಟ್ರಾಲಿಯ ಹಿಂದೆ ಮರೆಯಾದರೆ ಗಾಳಿಯೇ ತಾಕುವುದಿಲ್ಲ, ಸ್ವರ್ಗ. ಆದರೆ ನಿಯಮಕ್ಕೆ ಅದು ಪಾಪ. ಗಣಿತದ ಮಾಸ್ತರ ಕಾಪಿ ಹೊಡೆಯಬಾರದೆಂದು ಮನಸ್ಸು ಗಟ್ಟಿ ಮಾಡಿ, ಪಕ್ಕಕ್ಕೆ ಸರಿದು ಗಾಳಿ ಕುಡಿಯುತ್ತ ದಾಟಿದೆ. ಹಿಂದೆ ಹೊರಳಿ ನೋಡಿದರೆ ಗೂಳಪ್ಪನ ಹಳದಿ ಟೋಪಿ ಇನ್ನೂರು ಮಾರು ದೂರದಲ್ಲಿ ಕುಣಿಯುತ್ತಿತ್ತು.

ಬೆಳಗಲಿ ಬಂತು. ಕಟ್ಟೆಯ ತುಂಬ ಜನ. ಮುಂದೆ ಯಾರೂ ಇಲ್ಲದೆ ನಾನೊಬ್ಬನೇ ಬಂದದ್ದರಿಂದ, ಅಳಿಯನೇ ಎಲ್ಲರಿಗಿಂತ ಮುಂದಿದ್ದಾನೆ ಎಂದು ತಿಳಿದು ಚಪ್ಪಾಳೆ ಹೊಡೆದರು. ಡ್ರಮ್ಮಿನ ಪಕ್ಕ ಮಾವ ಶುಭ್ರ ರುಮಾಲು ಸುತ್ತಿ ನಿಂತಿದ್ದರು. ಅತ್ತೆ ಗುರುಬಸವ್ವ ತಂಬಿಗೆಯಲ್ಲಿ ನೀರು ಹಿಡಿದಿದ್ದರು, ಕಾಲಿಗೆ ಕೊಡಲು. ಗಿಡದ ಕೆಳಗೆ ಹೊರಸು ಹಾಕಿ ಮೇಲೆ ಹೊಸ ಜಮಖಾನೆ ಹಾಸಿತ್ತು.

"ಬರ್ರಿ ಈಶಪ್ಪ, ಇಳೀರಿ," ಎಂದರು ಮಾವ.

ಒಂದು ಕ್ಷಣ, ಒಂದೇ ಕ್ಷಣ ನನ್ನ ಬೆರಳು ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ಗೂಳಪ್ಪನ ಚೈನಿನ ಸದ್ದು ಕೇಳಿಸಿತು. ತಲೆ ತಗ್ಗಿಸಿದೆ, ಡ್ರಮ್ಮು ಸುತ್ತಿದೆ, ಹೊರಟೇಬಿಟ್ಟೆ. ಅತ್ತೆಯ ತಂಬಿಗೆಗೆ ನನ್ನ ಮೊಣಕೈ ತಗಲಿ ಅರ್ಧ ನೀರು ನನ್ನ ಮೇಲೆಯೇ ಬಿತ್ತು. ಚಪ್ಪಾಳೆ ಒಮ್ಮೆಲೇ ನಿಂತಿತು. ಆ ಮೌನ ನನ್ನ ಬೆನ್ನಿಗೆ ಅರ್ಧ ಕಿಲೋಮೀಟರ್ ಅಂಟಿಕೊಂಡು ಬಂತು.

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಗೆದ್ದ ಮೇಲೆ ಕಾಲು ಹಿಡಿದರಾಯಿತು ಎಂದು ಸಮಾಧಾನ ಮಾಡಿಕೊಂಡು ತುಳಿದೆ. ಎದುರಿನಿಂದ ಮೂರನೆಯವ ಬಂದ, ನಾಲ್ಕನೆಯವ ಬಂದ, ಒಬ್ಬೊಬ್ಬರಾಗಿ ಎಲ್ಲರೂ ಬೆಳಗಲಿಯ ಕಡೆಗೆ ಹೋದರು. ಹೊರಳಿ ನೋಡಿದೆ. ಹಿಂದೆ ರಸ್ತೆ ಖಾಲಿ. ಮತ್ತೊಂದು ಕಿಲೋಮೀಟರ್ ತುಳಿದು ನೋಡಿದೆ. ಆಗಲೂ ಖಾಲಿ. ಗೂಳಪ್ಪನಿಲ್ಲ, ಮೂರನೆಯವನಿಲ್ಲ, ಯಾರೂ ಇಲ್ಲ. ಎರಡು ವರ್ಷದ ತಪಸ್ಸು ಇವತ್ತು ಫಲಿಸಿತೆಂದು ಕಣ್ಣಲ್ಲಿ ನೀರು ಬಂತು. ಗೂಳಪ್ಪನೇನು, ಹದಿಮೂರು ಜನರೂ ನನ್ನ ಧೂಳಿನಲ್ಲಿ ಎಲ್ಲೋ ಕರಗಿಹೋಗಿದ್ದರು. ಬಹುಮಾನ ತೆಗೆದುಕೊಳ್ಳುವಾಗ ಮೈಕಿನಲ್ಲಿ ಆಡಬೇಕಾದ ಎರಡು ವಿನಯದ ಮಾತುಗಳನ್ನು ಜೋಡಿಸುತ್ತ, ಗೊತ್ತಿಲ್ಲದೆಯೇ ವೇಗ ಇಳಿಸಿದೆ. ಇಳಿಸಿದ ಮೇಲೆ ಮತ್ತೆ ಏರಿಸಲು ಹೋದರೆ ಕಾಲು ಕೇಳಲಿಲ್ಲ.

ಮುಧೋಳಕ್ಕೆ ಮೂರು ಕಿಲೋಮೀಟರ್ ಇರುವಾಗ ಪಕ್ಕದಲ್ಲಿ ಒಂದು ತೇಗು ಕೇಳಿಸಿತು. ಮೂರನೇ ನಂಬರಿನ ಭೀಮಪ್ಪ. ಈರುಳ್ಳಿ, ಕರಿಬೇವು, ತುಪ್ಪದ ವಾಸನೆ ಬಿಡುತ್ತ ನನ್ನನ್ನು ದಾಟಿ ಹೋದ. ಹಿಂದೆಯೇ ನಾಲ್ಕನೆಯವ ಅಮಸಿದ್ದಪ್ಪ ಬಂದ. ನಿಮ್ಮ ಮಾವನವರು ಭಾಳ ದೊಡ್ಡ ಮನುಷ್ಯರು ಎಂದು ಹೇಳಿ ಅವನೂ ಹೋದ.

ನಡೆದದ್ದು ಇಷ್ಟು. ನಾನು ಹೋದ ಕೂಡಲೇ ಮಾವ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದರಂತೆ. ಇಡೀ ಊರಿನ ಮುಂದೆ ಹಿರಿಯರ ಮುಖ ಸಣ್ಣದಾದದ್ದನ್ನು ನೋಡಲಾರದೆ ಗೂಳಪ್ಪ ಸೈಕಲ್ಲಿನಿಂದ ಇಳಿದನಂತೆ. ನಾನೂ ನಿಮ್ಮ ಅಳಿಯನೇ ಅಂತ ತಿಳ್ಕೊಳ್ರಿ ಎಂದು ಹೊರಸಿನ ಮೇಲೆ ಕುಳಿತು ಪ್ಲೇಟು ಹಿಡಿದನಂತೆ. ಅವನು ಕೂತದ್ದನ್ನು ಕಂಡು ಮೂರನೆಯವ ಇಳಿದ, ಮೂರನೆಯವನನ್ನು ಕಂಡು ನಾಲ್ಕನೆಯವ. ಹೀಗೆ ಹದಿಮೂರು ಜನರೂ ಇಳಿದು, ತಿಂದು, ಕುಡಿದು, ಹಿರಿಯರಿಗೆ ನಮಸ್ಕಾರ ಮಾಡಿಯೇ ಹೊರಟರಂತೆ. ಡ್ರಮ್ಮು ಕಾಯುತ್ತಿದ್ದ ಪಂಚನೂ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡನಂತೆ.

ಆದರೂ ಆಸೆ ಸತ್ತಿರಲಿಲ್ಲ. ಗೂಳಪ್ಪ ಇನ್ನೂ ಬಂದಿರಲಿಲ್ಲ. ಮಾತುಗಾರ, ಎರಡನೇ ಕಪ್ಪಿಗೆ ಕೂತಿರುತ್ತಾನೆ. ಪೆಟ್ರೋಲ್ ಬಂಕಿನ ಬೋರ್ಡು ಕಾಣಿಸಿತು. ನಾಲ್ಕುನೂರು ಮೀಟರ್. ಮುನ್ನೂರು. ಇನ್ನೂರು ಇರುವಾಗ ಹಳದಿ ಟೋಪಿ ಪಕ್ಕಕ್ಕೆ ಬಂತು.

"ಸರ, ನಿಮ್ಮತ್ತಿಯವ್ರು ಕೊಟ್ಟಾರ್ರಿ," ಎಂದು ಗೂಳಪ್ಪ ಒಂದು ಪೇಪರಿನ ಪೊಟ್ಟಣ ಚಾಚಿದ. "ಬಿಸಿ ಐತಿ. ಆರೂದ್ರಾಗ ತಿಂದಬಿಡ್ರಿ."

ಅತ್ತೆ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಹ್ಯಾಂಡಲಿನಿಂದ ಒಂದು ಕೈ ಬಿಟ್ಟು ತೆಗೆದುಕೊಂಡೆ. ಸೈಕಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡಿತು. ಗೂಳಪ್ಪ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಎದ್ದು ನಿಂತು ತುಳಿದ. ನಾನು ಒಂದು ಕೈಯಲ್ಲಿ ಉಪ್ಪಿಟ್ಟು ಹಿಡಿದು ಗೆರೆ ದಾಟಿದಾಗ ಅವನು ಆಗಲೇ ಇಳಿದು ಕೈಕಾಲು ತೊಳೆಯುತ್ತಿದ್ದ. ನನ್ನದು ನಲವತ್ಮೂರು ನಿಮಿಷ ಮೂವತ್ತು ಸೆಕೆಂಡು. ನನಗಿಂತ ಒಂದು ನಿಮಿಷ ತಡವಾಗಿ ಹೊರಟ ಗೂಳಪ್ಪನದು ಉಪ್ಪಿಟ್ಟು, ಎರಡು ಕಪ್ಪು ಚಹಾ, ಒಂದು ನಮಸ್ಕಾರ ಸೇರಿ ನಲವತ್ತೆರಡೂ ಕಾಲು. ಮಿಕ್ಕವರೆಲ್ಲ ಅವನಿಗಿಂತ ಕಡಿಮೆ. ಫಲಿತಾಂಶ ಓದುವವರು ಹದಿನಾಲ್ಕನೇ ಹೆಸರನ್ನು ಕಾಗದ ನೋಡದೆಯೇ ಹೇಳಿದರು.

ಮನೆಗೆ ಬಂದಾಗ ಬೆಳಗಲಿಯ ಫೋನು ನನಗಿಂತ ಮೊದಲು ಮುಟ್ಟಿತ್ತು. ಮಾದೇವಿ ಬೈಯಲಿಲ್ಲ. ಕಿಟಕಿಯ ಮೂಲೆಯನ್ನು ಗುಡಿಸಿ, ನೆಲ ಒರೆಸಿ, ಒಣಗಲು ಬಿಟ್ಟಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ಅಪ್ಪ ಬೆಳಗಿನಿಂದ ಒಂದು ತುತ್ತೂ ತಿಂದಿಲ್ಲವಂತೆ ಎಂದಳು. ನಾನು ಬಾಗಿಲಲ್ಲೇ ನಿಂತು, ಅಲ್ಲಿ ಇಳಿದು ಕೂತಿದ್ದರೆ ಸೋಲುತ್ತಿದ್ದೆನಲ್ಲ, ಅದಕ್ಕೇ ನಿಲ್ಲಲಿಲ್ಲ ಎಂದು ಗೊಣಗಿದೆ.

ಅವಳು ಅಡಿಗೆಮನೆಯ ಬಾಗಿಲಿಗೆ ಹೋಗಿ ಮಷೀನಿನ ಮೇಲಿನ ಬಟ್ಟೆಗಳನ್ನು ಎತ್ತಿಟ್ಟಳು.

"ಇಳದು ಸೋತಿದ್ರ ತಪ್ಪು ನಮ್ಮಪ್ಪನ ಚಾದ ಮ್ಯಾಲೆ ಹಾಕಬಹುದಿತ್ತು," ಎಂದಳು. "ಈಗ ಯಾರ ಮ್ಯಾಲೆ ಹಾಕತೀರಿ?"

ಅವಳು ಮಷೀನಿನ ಒಂದು ತುದಿ ಹಿಡಿದು ಕಾಯುತ್ತಿದ್ದಳು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ.